ಶಂಖ ಊದಿದವನು, ಮಾಂಸ ಹಂಚಿದವನು

ಜೂಲ್ಸ್ ವರ್ನ್ 1888ರಲ್ಲಿ ಬರೆದ ‘ಎರಡು ವರ್ಷದ ರಜೆ’ ಎಂಬ ಫ್ರೆಂಚ್ ಕಾದಂಬರಿಯಲ್ಲಿ ನ್ಯೂಜಿಲೆಂಡಿನ ಶಾಲೆಯೊಂದರ ಹದಿನಾಲ್ಕು ಹುಡುಗರು ನಿರ್ಜನ ದ್ವೀಪ ಸೇರುತ್ತಾರೆ. ಸೇರಿದವರು ಕೈಕಟ್ಟಿ ಕೂರುವುದಿಲ್ಲ. ಗುಹೆಯಲ್ಲಿ ಬಿಡಾರ ಹೂಡಿ, ಪಾಠಕ್ಕೂ ಹೊತ್ತು ಗೊತ್ತುಮಾಡಿಕೊಂಡು, ವರ್ಷದ ಅವಧಿಗೆ ಒಬ್ಬ ಮುಖ್ಯಸ್ಥನನ್ನು ಮತ ಹಾಕಿ ಆರಿಸುತ್ತಾರೆ. ಮೊದಲ ಸಲ ಅಮೆರಿಕದ ಗಾರ್ಡನ್, ಮುಂದಿನ ಸಲ ಫ್ರಾನ್ಸಿನ ಬ್ರಿಯಾಂ. ಸೋತ ಇಂಗ್ಲಿಷ್ ಹುಡುಗ ಡೊನಿಫನ್ ಮುನಿಸಿಕೊಂಡು ಮೂವರು ಗೆಳೆಯರೊಂದಿಗೆ ಬೇರೆ ಹೋಗುತ್ತಾನೆ, ಕೊನೆಗೆ ರಾಜಿಯಾಗುತ್ತಾನೆ. ಇವರ ಜೊತೆ ಹಡಗಿನಲ್ಲಿ ಕೆಲಸಕ್ಕಿದ್ದ ಮೋಕೊ ಎಂಬ ಕಪ್ಪು ಹುಡುಗನೂ ಇದ್ದಾನೆ. ಅಡುಗೆ ಅವನದು, ದೋಣಿ ನಡೆಸುವುದು ಅವನದು. ಮತ ಮಾತ್ರ ಅವನದಲ್ಲ. ಕಪ್ಪು ಹುಡುಗನಾದ್ದರಿಂದ ಅವನಿಗೆ ಆ ಹಕ್ಕಿಲ್ಲ ಎಂದು ವರ್ನ್ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಅವರಿಗೆ ಅದು ನಿಂತು ನೋಡಬೇಕಾದ ಸಂಗತಿಯಾಗಿ ಕಾಣಲಿಲ್ಲ.

ದಿಕ್ಕುಗೆಟ್ಟ ಮಕ್ಕಳ ದ್ವೀಪದ ಕಥೆಗಳಲ್ಲೆಲ್ಲ ಈ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ: ಆಳುವವನು ಯಾರು, ನಾಗರಿಕ ಯಾರು, ಕಾಡುಮನುಷ್ಯ ಯಾರು. ವರ್ನ್‌ಗಿಂತ ಮೊದಲು, 1857ರಲ್ಲಿ, ಸ್ಕಾಟ್ಲೆಂಡಿನ ಆರ್. ಎಂ. ಬ್ಯಾಲಂಟೈನ್ ‘ದಿ ಕೋರಲ್ ಐಲೆಂಡ್’ ಬರೆದರು. ರಾಲ್ಫ್, ಜಾಕ್, ಪೀಟರ್‌ಕಿನ್ ಎಂಬ ಮೂವರು ಹುಡುಗರು ಪೆಸಿಫಿಕ್ ಸಾಗರದ ದ್ವೀಪದಲ್ಲಿ ನಗುನಗುತ್ತಾ ಬದುಕುತ್ತಾರೆ. ಕೇಡೆಲ್ಲ ಹೊರಗಿನಿಂದಲೇ ಬರಬೇಕು: ಕಡಲ್ಗಳ್ಳರಿಂದ, ಇಲ್ಲವೇ ನರಭಕ್ಷಕರೆಂದು ಚಿತ್ರಿತರಾದ ಅಲ್ಲಿನ ಮೂಲನಿವಾಸಿಗಳಿಂದ. ಬಿಡುಗಡೆ ಮಿಷನರಿಗಳಿಂದ. ವಿಲಿಯಂ ಗೋಲ್ಡಿಂಗ್ ಈ ಪುಸ್ತಕದಿಂದ ಎರಡು ಹೆಸರುಗಳನ್ನು ಎತ್ತಿಕೊಂಡರು, ಅದರ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದರು. 1954ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಫೇಬರ್ ಸಂಸ್ಥೆ ಪ್ರಕಟಿಸಿದ ‘ಲಾರ್ಡ್ ಆಫ್ ದಿ ಫ್ಲೈಸ್’ನಲ್ಲಿ ‘ಕೋರಲ್ ಐಲೆಂಡ್’ ಹೆಸರು ಎರಡು ಕಡೆ ಬರುತ್ತದೆ. ಮೊದಲ ಸಲ ಹುಡುಗರ ಬಾಯಲ್ಲಿ ಉತ್ಸಾಹದಿಂದ. ಎರಡನೆಯ ಸಲ, ಇಬ್ಬರು ಹುಡುಗರು ಕೊಲೆಯಾದ ಮೇಲೆ, ಉಳಿದವರನ್ನು ಕರೆದೊಯ್ಯಲು ಬಂದ ನೌಕಾಧಿಕಾರಿಯ ಬಾಯಲ್ಲಿ.

ಗೋಲ್ಡಿಂಗ್ ಸಾಲ್ಸ್‌ಬರಿಯಲ್ಲಿ ಗಂಡುಮಕ್ಕಳ ಶಾಲೆಯ ಮೇಷ್ಟ್ರು. 1940ರಲ್ಲಿ ಬ್ರಿಟಿಷ್ ನೌಕಾಪಡೆ ಸೇರಿ, 1944ರಲ್ಲಿ ನಾರ್ಮಂಡಿ ತೀರದ ದಾಳಿಯಲ್ಲಿ ರಾಕೆಟ್ ಉಡಾಯಿಸುವ ನೌಕೆಯೊಂದರ ಹೊಣೆ ಹೊತ್ತವರು. ಯುದ್ಧದಿಂದ ಮರಳಿ ಮತ್ತೆ ತರಗತಿಗೆ ಬಂದಾಗ ಹುಡುಗರನ್ನು ನೋಡುವ ಅವರ ಕಣ್ಣು ಬದಲಾಗಿತ್ತು. ಅವರು ಬರೆದ ಹಸ್ತಪ್ರತಿ ಹಲವು ಪ್ರಕಾಶಕರಲ್ಲಿಗೆ ಹೋಗಿ ವಾಪಸು ಬಂತು. ಫೇಬರ್‌ನ ಪರಿಶೀಲಕಿಯೂ ಅದನ್ನು ನೀರಸ ಕಸವೆಂದೇ ಬರೆದಿದ್ದರು. ಆಗಷ್ಟೇ ಆ ಸಂಸ್ಥೆಗೆ ಸೇರಿದ್ದ ಚಾರ್ಲ್ಸ್ ಮಾಂಟೀತ್ ಎಂಬ ಸಂಪಾದಕರು ಅದನ್ನು ಕಸದಿಂದ ಎತ್ತಿಕೊಂಡು ಓದಿ, ಲೇಖಕರಿಂದ ತಿದ್ದಿಸಿದರು. ಆರಂಭದಲ್ಲಿದ್ದ ಅಣುಯುದ್ಧದ ದೀರ್ಘ ವರ್ಣನೆಯನ್ನು ಕತ್ತರಿಸಿದ್ದು ಆ ತಿದ್ದುಪಡಿಯ ಮುಖ್ಯ ಭಾಗ.

ಕಥೆಗೆ ಅದರಿಂದ ಒಳ್ಳೆಯದೇ ಆಯಿತು. ಮೊದಲ ಪುಟದಲ್ಲೇ ನಾವು ದ್ವೀಪದ ಮೇಲಿರುತ್ತೇವೆ. ಆದರೆ ಕಾದಂಬರಿಯನ್ನು ಓದುವ ರೀತಿಯ ಮೇಲೆ ಅದು ಬೀರಿದ ಪರಿಣಾಮ ಬೇರೆ. ಮಕ್ಕಳು ದ್ವೀಪಕ್ಕೆ ಬಂದದ್ದೇ ದೊಡ್ಡವರು ಹಚ್ಚಿದ ಯುದ್ಧದಿಂದ ಎಂಬುದು ಈಗ ನಾಲ್ಕಾರು ಸಾಲುಗಳಲ್ಲಿ ಮಾತ್ರ ಉಳಿದಿದೆ. ವಿಮಾನದ ಪೈಲಟ್ ಅಣುಬಾಂಬಿನ ಬಗ್ಗೆ ಆಡಿದ ಮಾತನ್ನು ಪಿಗ್ಗಿ ಹೇಳುತ್ತಾನೆ, ಹೇಳಿ ಮುಗಿಯುತ್ತದೆ. ಹಾಗಾಗಿ ‘ದೊಡ್ಡವರಿಲ್ಲದಿದ್ದರೆ ಮಕ್ಕಳು ಮೃಗಗಳಾಗುತ್ತಾರೆ’ ಎಂಬುದೇ ಕಾದಂಬರಿಯ ತಾತ್ಪರ್ಯವೆಂದು ಪರೀಕ್ಷೆಯ ಗೈಡುಗಳಲ್ಲಿ ಸಲೀಸಾಗಿ ಅಚ್ಚಾಗುತ್ತದೆ. ದೊಡ್ಡವರು ಇದ್ದ ಕಡೆ ಆಗ ಏನಾಗುತ್ತಿತ್ತು ಎಂದು ಯಾರೂ ಕೇಳುವುದಿಲ್ಲ.

ಕಥೆ ಬಹುಪಾಲು ಓದುಗರಿಗೆ ಗೊತ್ತು. ರಾಲ್ಫ್‌ಗೆ ಶಂಖವೊಂದು ಸಿಗುತ್ತದೆ. ಅದನ್ನು ಊದಬಹುದೆಂದು ಬಲ್ಲವನು ಕನ್ನಡಕದ, ಉಬ್ಬಸದ, ದಪ್ಪ ಹುಡುಗ ಪಿಗ್ಗಿ. ಶಂಖದ ಸದ್ದಿಗೆ ಚದುರಿದ ಮಕ್ಕಳು ಕೂಡುತ್ತಾರೆ, ರಾಲ್ಫ್‌ನನ್ನು ನಾಯಕನೆಂದು ಆರಿಸುತ್ತಾರೆ. ಚರ್ಚಿನ ಗಾಯಕ ತಂಡದ ಮುಖಂಡ ಜಾಕ್ ಬೇಟೆಗಾರನಾಗುತ್ತಾನೆ. ಬೆಟ್ಟದ ಮೇಲೆ ಹೊಗೆ ಏಳಿಸಿ ಹಡಗುಗಳ ಕಣ್ಣಿಗೆ ಬೀಳಬೇಕೆಂದು ರಾಲ್ಫ್, ಹಂದಿ ಹೊಡೆಯಬೇಕೆಂದು ಜಾಕ್. ಕತ್ತಲಲ್ಲಿ ಏನೋ ಮೃಗವಿದೆಯೆಂಬ ಹೆದರಿಕೆ ಬೆಳೆಯುತ್ತದೆ. ಅದು ಪ್ಯಾರಾಶೂಟಿಗೆ ಸಿಕ್ಕಿ ಸತ್ತ ಸೈನಿಕನ ಹೆಣ ಎಂದು ಕಂಡುಕೊಂಡು ಹೇಳಲು ಓಡಿಬಂದ ಸೈಮನ್‌ನನ್ನು ಕುಣಿತದ ಅಮಲಿನಲ್ಲಿ ಮಕ್ಕಳೇ ಕೊಲ್ಲುತ್ತಾರೆ. ಆಮೇಲೆ ಪಿಗ್ಗಿ, ಬಂಡೆ ಉರುಳಿಸಿ. ಕೊನೆಗೆ ರಾಲ್ಫ್‌ನನ್ನು ಬೇಟೆಯಾಡಲು ಹಚ್ಚಿದ ಕಾಡ್ಗಿಚ್ಚಿನ ಹೊಗೆಯೇ ಹಡಗನ್ನು ಕರೆತರುತ್ತದೆ.

ನಾಯಕತ್ವದ ಬಗ್ಗೆ ಬರೆದವರು ಸಾಮಾನ್ಯವಾಗಿ ಎರಡು ಪಟ್ಟಿ ಮಾಡುತ್ತಾರೆ: ರಾಲ್ಫ್ ಪ್ರಜಾಪ್ರಭುತ್ವ, ಜಾಕ್ ಸರ್ವಾಧಿಕಾರ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರ ಪ್ರಸಿದ್ಧ ಉಪನ್ಯಾಸದಲ್ಲಿ ವಿವರಿಸಿದ ಅಧಿಕಾರದ ಬಗೆಗಳನ್ನೂ ಇದಕ್ಕೆ ಜೋಡಿಸುವವರಿದ್ದಾರೆ. ರಾಲ್ಫ್‌ನದು ನಿಯಮಬದ್ಧ ಅಧಿಕಾರ, ಜಾಕ್‌ನದು ವ್ಯಕ್ತಿವರ್ಚಸ್ಸಿನ ಅಧಿಕಾರ. ಕಾದಂಬರಿ ಇದಕ್ಕೆ ಒಗ್ಗುವುದಿಲ್ಲ. ರಾಲ್ಫ್ ಗೆದ್ದದ್ದು ಯಾವ ನಿಯಮದಿಂದಲೂ ಅಲ್ಲ. ಬುದ್ಧಿ ತೋರಿದವನು ಪಿಗ್ಗಿ, ಮುಂದಾಳಿನ ಗತ್ತು ಇದ್ದವನು ಜಾಕ್ ಎಂದು ಗೋಲ್ಡಿಂಗ್ ಅಲ್ಲೇ ಹೇಳಿಬಿಡುತ್ತಾರೆ. ರಾಲ್ಫ್‌ನಿಗಿದ್ದದ್ದು ಎತ್ತರದ ಮೈಕಟ್ಟು, ಚೆಲುವು, ಅಲ್ಲಾಡದೆ ಕೂತ ಭಂಗಿ ಮತ್ತು ಮಡಿಲಲ್ಲಿದ್ದ ಶಂಖ. ವರ್ಚಸ್ಸು ಎಂದರೆ ಇದಲ್ಲದೆ ಇನ್ನೇನು? ಇತ್ತ ಜಾಕ್ ತನ್ನ ಹಕ್ಕು ಮಂಡಿಸುವುದು ಹುದ್ದೆಯ ಆಧಾರದ ಮೇಲೆ: ತಾನು ಗಾಯಕ ತಂಡದ ಮುಖಂಡ, ಎತ್ತರದ ಸ್ವರ ಹಾಡಬಲ್ಲೆ, ಆದ್ದರಿಂದ ನಾಯಕತ್ವ ತನಗೇ ಸಲ್ಲಬೇಕು. ನಗು ಬರುವ ವಾದ. ಆದರೆ ದೊಡ್ಡವರ ಲೋಕದಲ್ಲಿ ಪದವಿಗಳು ಇದಕ್ಕಿಂತ ಗಟ್ಟಿಯಾದ ಕಾರಣಕ್ಕೆ ಸಿಗುತ್ತವೆಂದು ಹೇಳುವಂತಿಲ್ಲ.

ಗೆದ್ದ ಕೂಡಲೇ ರಾಲ್ಫ್ ಮಾಡುವ ಮೊದಲ ಕೆಲಸವನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲವೆಂದು ನನಗನ್ನಿಸುತ್ತದೆ. ಸೋತು ಕೆಂಪಾದ ಜಾಕ್‌ನ ಮುಖ ನೋಡಿ, ಗಾಯಕ ತಂಡ ನಿನ್ನದೇ ಇರಲಿ ಎನ್ನುತ್ತಾನೆ. ಅವರು ಸೈನ್ಯವಾಗಬಹುದೋ ಬೇಟೆಗಾರರಾಗಬಹುದೋ ಎಂಬ ಮಾತೂ ಅಲ್ಲೇ ಬರುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಔದಾರ್ಯವೇ. ಆದರೆ ಚುನಾವಣೆಯಲ್ಲಿ ಸೋತವನ ಕೈಗೆ, ಅವನಿಗೆ ಮಾತ್ರ ವಿಧೇಯವಾದ, ಮುಂದೆ ಈಟಿ ಹಿಡಿಯಲಿರುವ ಪಡೆಯೊಂದನ್ನು ಒಪ್ಪಿಸಿದ್ದಾಯಿತು. ದ್ವೀಪದ ಗತಿ ನಿರ್ಧಾರವಾದದ್ದು ಮೃಗದ ಭಯ ಹುಟ್ಟಿದಾಗಲ್ಲ. ಈ ಔದಾರ್ಯದ ಗಳಿಗೆಯಲ್ಲಿ. ಆ ತಂಡ ದ್ವೀಪಕ್ಕೆ ಬರುವಾಗಲೇ ಕಪ್ಪು ನಿಲುವಂಗಿ ತೊಟ್ಟು, ಸಾಲಾಗಿ, ಸುಡುಬಿಸಿಲಲ್ಲಿ ಕವಾಯತು ಮಾಡುತ್ತಾ ಬರುತ್ತದೆ. ಒಬ್ಬ ಹುಡುಗ ತಲೆಸುತ್ತಿ ಬೀಳುತ್ತಾನೆ, ಜಾಕ್‌ಗೆ ಅದು ಬೇಸರದ ಸಂಗತಿ. ಬಿದ್ದವನು ಸೈಮನ್. ಮೈಗೆ ಬಣ್ಣ ಬಳಿಯುವ ಎಷ್ಟೋ ದಿನ ಮೊದಲು ಜಾಕ್ ಹೀಗಿದ್ದ, ಮತ್ತು ಅವನನ್ನು ಹೀಗೆ ಮಾಡಿದ್ದು ಕಾಡಲ್ಲ, ಶಾಲೆ ಮತ್ತು ಚರ್ಚು.

ನಿಯಮ ಬೇಕು, ಬೇಕಾದಷ್ಟು ನಿಯಮ ಬೇಕು ಎಂದು ಮೊದಲು ಕುಣಿದವನೂ ಜಾಕ್‌ನೇ. ನಿಯಮದ ಜೊತೆಗೆ ಅವನಿಗೆ ಕಾಣುವುದು ಮುರಿದವರಿಗೆ ಬೀಳುವ ಪೆಟ್ಟು. ಮುಂದೆ ಅವನೇ ನಿಯಮವನ್ನು ಧಿಕ್ಕರಿಸಿದಾಗ ಅದು ಸ್ವಭಾವದ ಬದಲಾವಣೆಯಲ್ಲ. ಕೋಟೆಬಂಡೆ ಎಂಬ ಜಾಗದಲ್ಲಿ ಅವನು ಕಟ್ಟುವ ರಾಜ್ಯದಲ್ಲಿ ಅವ್ಯವಸ್ಥೆ ಇಲ್ಲವೇ ಇಲ್ಲ. ಕಾವಲು ಇದೆ, ಶ್ರೇಣಿ ಇದೆ, ಒಡೆಯನ ಮಾತಿಗೆ ಎದುರಿಲ್ಲ. ವಿಲ್ಫ್ರೆಡ್ ಎಂಬ ಹುಡುಗನನ್ನು ಕಟ್ಟಿಹಾಕಿ ಹೊಡೆಯಲು ಇಟ್ಟಿದ್ದಾರೆ. ಏನು ತಪ್ಪು ಮಾಡಿದ ಎಂದು ಅದೇ ಗುಂಪಿನ ರಾಜರ್ ಕೇಳಿದರೆ ಕಾವಲಿನ ಹುಡುಗನಿಗೆ ಗೊತ್ತಿಲ್ಲ, ಒಡೆಯ ಹೇಳಿಲ್ಲ. ರಾಜರ್‌ಗೆ ಆ ಗಳಿಗೆಯಲ್ಲಿ ಹೊಳೆಯುವುದು ಭಯವಲ್ಲ, ಹೊಣೆಯಿಲ್ಲದ ಅಧಿಕಾರದಲ್ಲಿ ತನಗೂ ಇರುವ ಅವಕಾಶ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ತಣ್ಣಗೆ ಕೊರೆಯುವ ಪುಟ ಇದು, ಕೊಲೆಗಳಿಗಿಂತಲೂ. ಹಾಗಾಗಿ ‘ವ್ಯವಸ್ಥೆ ವಿರುದ್ಧ ಅರಾಜಕತೆ’ ಎಂಬ ಓದು ನಿಲ್ಲುವುದಿಲ್ಲ. ಇಲ್ಲಿರುವುದು ಎರಡು ವ್ಯವಸ್ಥೆಗಳು. ಒಂದರಲ್ಲಿ ನಾಯಕನನ್ನು ಪ್ರಶ್ನಿಸಬಹುದು, ಇನ್ನೊಂದರಲ್ಲಿ ಆಗದು.

ಪ್ರಶ್ನಿಸಬಹುದಾದ ವ್ಯವಸ್ಥೆ ಯಾಕೆ ಸೋತಿತು? ನಮ್ಮ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ ಕ್ಲಾಸ್ ಲೀಡರ್‌ನ ಅಧಿಕಾರ ಎಂಥದು ಎಂದು ನೆನೆಯಬೇಕು. ಅದು ಮೇಷ್ಟ್ರು ಮರಳಿ ಬರುತ್ತಾರೆಂಬ ಭರವಸೆಯ ಮೇಲೆ ನಿಂತ ಎರವಲು ಅಧಿಕಾರ. ರಾಲ್ಫ್‌ನದೂ ಅಷ್ಟೇ. ಅಪ್ಪ ನೌಕಾಪಡೆಯಲ್ಲಿದ್ದಾನೆ, ಬಂದು ಕರೆದೊಯ್ಯುತ್ತಾನೆ ಎಂಬುದು ಅವನ ಆಡಳಿತದ ಬುನಾದಿ. ಹೊಗೆಯ ಕಾರ್ಯಕ್ರಮ ಕೂಡ ಬರಲಿರುವ ದೊಡ್ಡವರಿಗಾಗಿ. ಜಾಕ್ ಕೊಡುವ ಮಾಂಸ ಇವತ್ತಿನದು, ಬಾಯಿಗೆ ಬೀಳುವಂಥದು. ಜೊತೆಗೆ ಅವನು ಭಯಕ್ಕೂ ಒಂದು ವಿಲೇವಾರಿ ಕಂಡುಕೊಳ್ಳುತ್ತಾನೆ: ಹಂದಿಯ ತಲೆಯನ್ನು ಕೋಲಿಗೆ ಚುಚ್ಚಿ ಮೃಗಕ್ಕೆ ಎಡೆ ಇಡುವುದು. ರಾಲ್ಫ್ ಅದೇ ಭಯವನ್ನು ಸಭೆಯ ಕಾರ್ಯಸೂಚಿಗೆ ತರುತ್ತಾನೆ. ಸಂಜೆಗತ್ತಲಲ್ಲಿ ಸಭೆ ಕರೆದು, ದೆವ್ವ ಇದೆಯೋ ಇಲ್ಲವೋ ಎಂದು ಮತಕ್ಕೆ ಹಾಕುತ್ತಾನೆ. ಹಲವು ಕೈಗಳು ಮೇಲೇಳುತ್ತವೆ. ಎದ್ದ ಮೇಲೆ, ಕತ್ತಲಲ್ಲಿ ಈ ಸಭೆ ಕರೆಯಬಾರದಿತ್ತು ಎಂದು ಅವನಿಗೆ ಅರಿವಾಗುತ್ತದೆ. ಬಹುಮತದಿಂದ ತೀರ್ಮಾನಿಸಲಾಗದ ಸಂಗತಿಗಳನ್ನು ಬಹುಮತಕ್ಕೆ ಬಿಟ್ಟ ನಾಯಕರ ಸಾಲು ಸಾಕಷ್ಟು ಉದ್ದವಿದೆ, ಈ ಹನ್ನೆರಡರ ಹುಡುಗನನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಮತದಾನದ ಬಗ್ಗೆ ಇನ್ನೊಂದು ಪ್ರಸಂಗವಿದೆ. ರಾಲ್ಫ್ ನಾಯಕನಾಗಿರಬಾರದು ಎನ್ನುವವರು ಕೈ ಎತ್ತಿ ಎಂದು ಜಾಕ್ ಕೇಳುತ್ತಾನೆ. ಒಂದು ಕೈಯೂ ಏಳುವುದಿಲ್ಲ. ಅವಮಾನದಿಂದ ಕಣ್ಣೀರು ತುಂಬಿ ಅವನು ಒಬ್ಬನೇ ಹೊರಟುಹೋಗುತ್ತಾನೆ. ಆದರೆ ಅದೇ ಸಭೆಯಲ್ಲಿ ಸುಮ್ಮನಿದ್ದ ದೊಡ್ಡ ಹುಡುಗರು ಆಮೇಲೆ ಒಬ್ಬೊಬ್ಬರಾಗಿ, ಹೇಳದೆ ಕೇಳದೆ, ಅವನ ಕಡೆ ಜಾರುತ್ತಾರೆ. ಸಭೆಯಲ್ಲಿ ಗೆದ್ದ ರಾಲ್ಫ್ ಸಭೆ ಮುಗಿದ ಮೇಲೆ ಸೋಲುತ್ತಾನೆ. ಗುಡಿಸಲುಗಳ ಲೆಕ್ಕವೂ ಇದನ್ನೇ ಹೇಳುತ್ತದೆ. ಮೊದಲ ಗುಡಿಸಲನ್ನು ಎಲ್ಲರೂ ಕಟ್ಟಿದರು, ಎರಡನೆಯದನ್ನು ನಾಲ್ವರು, ಮೂರನೆಯದನ್ನು ರಾಲ್ಫ್ ಮತ್ತು ಸೈಮನ್ ಇಬ್ಬರೇ. ತೀರ್ಮಾನಗಳಿಗೇನೂ ಕೊರತೆಯಿಲ್ಲ: ತೆಂಗಿನ ಚಿಪ್ಪಿನಲ್ಲಿ ನೀರು ತುಂಬಿಡುವುದು, ಶೌಚಕ್ಕೆ ಬಂಡೆಗಳ ಆಚೆ ಹೋಗುವುದು, ಬೆಂಕಿ ಆರದಂತೆ ನೋಡುವುದು. ಎಲ್ಲಕ್ಕೂ ಚಪ್ಪಾಳೆ ಬೀಳುತ್ತದೆ, ಮಾಡುವವರಿಲ್ಲ. ಇಂಥಿಂಥ ದಿನ ಇಂಥಿಂಥವರು ಎಂಬ ಸರದಿಯನ್ನು ನಿಂತು ನಡೆಸುವವರು ಅಲ್ಲಿಲ್ಲ.

ನಾಗರಿಕತೆಯ ಸಂಕೇತ ಶಂಖ ಎಂದು ಎಲ್ಲ ಟಿಪ್ಪಣಿಗಳೂ ಹೇಳುತ್ತವೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು, ದ್ವೀಪದಲ್ಲಿ ಯಾರೂ ಬರೆದುಕೊಳ್ಳದ ಹೆಸರಿನ ಪಟ್ಟಿ. ಹೆಸರು ಕೇಳುವ ಕೆಲಸ ಪಿಗ್ಗಿಯದು. ಚಿಕ್ಕವರು ಓಡಾಡುತ್ತಾರೆ, ಅವನ ಮಾತಿಗೆ ಬೆಲೆಯಿಲ್ಲ, ಪಟ್ಟಿ ಪೂರ್ತಿಯಾಗುವುದಿಲ್ಲ. ಮೊದಲ ದಿನಗಳಲ್ಲೇ ಬೆಂಕಿ ಕೈಮೀರಿ ಕಾಡು ಉರಿದಾಗ ಮುಖದ ಮೇಲೆ ಮಚ್ಚೆಯಿದ್ದ ಪುಟ್ಟ ಹುಡುಗನೊಬ್ಬ ಕಾಣೆಯಾಗುತ್ತಾನೆ. ಅವನ ಹೆಸರೇನೆಂದು ಯಾರಿಗೂ ಗೊತ್ತಿಲ್ಲ. ಎಷ್ಟು ಜನ ಇದ್ದೆವೆಂಬುದೇ ತಿಳಿಯದ ಕಡೆ ಎಷ್ಟು ಜನ ಸತ್ತರೆಂದು ಹೇಳುವುದು ಹೇಗೆ? ದ್ವೀಪದ ಮೊದಲ ಸಾವು ಇದೇ. ಇದಕ್ಕೆ ಜಾಕ್ ಕಾರಣನಲ್ಲ, ಬಣ್ಣ ಬಳಿದ ಮುಖಗಳು ಕಾರಣವಲ್ಲ. ಉತ್ಸಾಹದಿಂದ, ಒಮ್ಮತದಿಂದ, ರಾಲ್ಫ್‌ನ ನಾಯಕತ್ವದಲ್ಲೇ ಹಚ್ಚಿದ ಬೆಂಕಿ ಅದು. ಕೊನೆಯಲ್ಲಿ ನೌಕಾಧಿಕಾರಿ ಎಷ್ಟು ಮಂದಿ ಇದ್ದೀರಿ ಎಂದು ಕೇಳಿದಾಗ ರಾಲ್ಫ್ ತಲೆ ಅಲ್ಲಾಡಿಸುತ್ತಾನೆ. ಯಾರು ನಿಮ್ಮ ಮುಖ್ಯಸ್ಥ ಎಂಬ ಪ್ರಶ್ನೆಗೆ ಮಾತ್ರ ಗಟ್ಟಿಯಾಗಿ ‘ನಾನು’ ಎನ್ನುತ್ತಾನೆ.

ಬೆಂಕಿ ಹಚ್ಚಿದ್ದು ಪಿಗ್ಗಿಯ ಕನ್ನಡಕದಿಂದ. ಇಲ್ಲೊಂದು ತಪ್ಪಿದೆಯೆಂದು ವಿಜ್ಞಾನ ಬಲ್ಲವರು ಹಿಂದಿನಿಂದಲೂ ತೋರಿಸುತ್ತಾ ಬಂದಿದ್ದಾರೆ. ಪಿಗ್ಗಿಗೆ ದೂರದ್ದು ಕಾಣುವುದಿಲ್ಲ. ಅಂಥವರ ಕನ್ನಡಕದ ಗಾಜು ಬೆಳಕನ್ನು ಚದುರಿಸುತ್ತದೆಯೇ ಹೊರತು ಒಂದೆಡೆ ಕೂಡಿಸುವುದಿಲ್ಲ, ಅದರಿಂದ ಬೆಂಕಿ ಹೊತ್ತದು. ಆಕ್ಸ್‌ಫರ್ಡ್‌ನಲ್ಲಿ ಮೊದಲು ವಿಜ್ಞಾನವನ್ನೇ ಓದಿದ್ದ ಗೋಲ್ಡಿಂಗ್‌ಗೆ ಇದು ತಪ್ಪಿಹೋದದ್ದು ವಿಚಿತ್ರ. ಕಥೆಗೇನೂ ನಷ್ಟವಿಲ್ಲ. ಜಾಕ್‌ನ ಕಡೆಯವರು ರಾತ್ರಿ ದಾಳಿ ಮಾಡಿದಾಗ, ಶಂಖಕ್ಕೇ ಬಂದರೆಂದು ಪಿಗ್ಗಿ ತಿಳಿಯುತ್ತಾನೆ. ಅವರು ಒಯ್ದದ್ದು ಕನ್ನಡಕ. ಶಂಖ ಬಿದ್ದಲ್ಲೇ ಬಿದ್ದಿದೆ, ಕದಿಯುವಷ್ಟು ಬೆಲೆ ಅದಕ್ಕೀಗ ಉಳಿದಿಲ್ಲ.

ಈಗ ಕಾಡುತನದ ಪ್ರಶ್ನೆ. ಸೈಮನ್‌ನ ಕೊಲೆಯಲ್ಲಿ ಜಾಕ್‌ನ ಗುಂಪಷ್ಟೇ ಇರಲಿಲ್ಲ. ಮಾಂಸದ ಊಟಕ್ಕೆ ಹೋದ ರಾಲ್ಫ್ ಮತ್ತು ಪಿಗ್ಗಿ ಕೂಡ ಆ ವೃತ್ತದಲ್ಲಿದ್ದರು. ಮರುದಿನ ರಾಲ್ಫ್ ಅದನ್ನು ಕೊಲೆಯೆಂದೇ ಕರೆಯುತ್ತಾನೆ. ಪಿಗ್ಗಿ, ತರ್ಕದ ಪ್ರತಿನಿಧಿಯೆಂದು ಎಲ್ಲರೂ ಹೊಗಳುವ ಪಿಗ್ಗಿ, ಅದು ಅಪಘಾತ, ಕತ್ತಲಿತ್ತು, ಸೈಮನ್ ಹಾಗೆ ನುಸುಳಿ ಬರಬಾರದಿತ್ತು ಎಂದು ವಾದ ಹೂಡುತ್ತಾನೆ. ಅವಳಿಗಳಾದ ಸ್ಯಾಮ್ ಮತ್ತು ಎರಿಕ್ ತಾವು ಬೇಗ ಹೊರಟುಬಿಟ್ಟೆವೆನ್ನುತ್ತಾರೆ. ಇ. ಎಂ. ಫಾರ್‌ಸ್ಟರ್ 1962ರ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಪಿಗ್ಗಿಯನ್ನು ಬಹಳ ಮೆಚ್ಚಿದ್ದಾರೆ, ಮೆಚ್ಚಬೇಕಾದವನೇ. ಆದರೆ ಈ ಬೆಳಗಿನ ಪಿಗ್ಗಿಯನ್ನೂ ಜೊತೆಗಿಟ್ಟು ನೋಡಬೇಕು. ಮಾಡಿದ್ದನ್ನು ಮಾಡಲಿಲ್ಲವೆಂದು ವಾದದಿಂದ ಸ್ಥಾಪಿಸುವುದು ಕಾಡಿನವರ ವಿದ್ಯೆಯಲ್ಲ.

‘ಕಾಡುಮನುಷ್ಯರು’ ಎಂಬ ಮಾತೇ ಈ ಕಾದಂಬರಿಯಲ್ಲಿ ಎಲ್ಲಿಂದ ಬಂತು? ನಾವು ಕಾಡುಮನುಷ್ಯರಲ್ಲ, ಇಂಗ್ಲಿಷರು, ಇಂಗ್ಲಿಷರು ಎಲ್ಲದರಲ್ಲೂ ಮೇಲು ಎಂಬರ್ಥದ ಮಾತನ್ನು ಮೊದಲು ಆಡುವವನು ಜಾಕ್. ಗೋಲ್ಡಿಂಗ್ ಅದನ್ನು ವ್ಯಂಗ್ಯಕ್ಕೆ ಇಟ್ಟದ್ದು ಸ್ಪಷ್ಟ. ಆದರೆ ಅದೇ ಹುಡುಗರು ಕೆಟ್ಟದ್ದನ್ನು ಮಾಡಿದಾಗ ಕಥೆ ಅವರಿಗೆ ತೊಡಿಸುವ ವೇಷ ಯಾವುದು? ಬಣ್ಣ ಬಳಿದ ಮುಖ, ಈಟಿ, ಬೆಂಕಿಯ ಸುತ್ತ ಕುಣಿತ, ಬುಡಕಟ್ಟು. ಮೊದಲ ಆವೃತ್ತಿಯಲ್ಲಿ ಪಿಗ್ಗಿಯ ಬಾಯಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದವೊಂದಿತ್ತು. ಆಮೇಲಿನ ಆವೃತ್ತಿಗಳಲ್ಲಿ ಬದಲಾಯಿತು. ವಿಮರ್ಶಕ ಸ್ಟೆಫನ್ ಹಾಲಿನ್ 1995ರ ಲೇಖನದಲ್ಲಿ ಎತ್ತಿದ ಆಕ್ಷೇಪ ಇದರ ಸುತ್ತಲೇ ಇದೆ. ವಸಾಹತುಗಳು ಒಂದೊಂದಾಗಿ ಬಿಡುಗಡೆಯಾಗುತ್ತಿದ್ದ ಕಾಲದಲ್ಲಿ, ಬಿಳಿಯರ ಶಿಸ್ತು ಹೋದ ಕೂಡಲೇ ಕಾಡು ಮರಳುತ್ತದೆ ಎಂಬ ಹಳೆಯ ಸಾಮ್ರಾಜ್ಯಶಾಹಿ ಆತಂಕವನ್ನು ಕಾದಂಬರಿ ತನಗರಿವಿಲ್ಲದೆ ಮರುನುಡಿಯುತ್ತದೆ ಎಂಬುದು ಅವರ ವಾದ. ಪಾಲ್ ಕ್ರಾಫರ್ಡ್ 2002ರ ಪುಸ್ತಕದಲ್ಲಿ ಬೇರೆ ದಿಕ್ಕು ಹಿಡಿಯುತ್ತಾರೆ: ಇಲ್ಲಿರುವುದು ಆಗಷ್ಟೇ ಕಂಡ ನಾಜಿ ಕ್ರೌರ್ಯ, ಮತ್ತು ಅದು ಜರ್ಮನಿಯಲ್ಲಿ ಮಾತ್ರ ಸಾಧ್ಯವೆಂದು ನಂಬಿದ್ದ ಇಂಗ್ಲಿಷರ ಮುಖಕ್ಕೆ ಹಿಡಿದ ಕನ್ನಡಿ. ಇಬ್ಬರಲ್ಲಿ ಒಬ್ಬರನ್ನೇ ಆರಿಸಬೇಕಿಲ್ಲ. ಗೋಲ್ಡಿಂಗ್‌ರ ಗುರಿ ಕ್ರಾಫರ್ಡ್ ಹೇಳಿದ್ದೇ ಇರಬೇಕು, ಕೈಗೆ ಸಿಕ್ಕ ಬಣ್ಣಗಳು ಮಾತ್ರ ಹಾಲಿನ್ ಹೇಳಿದ ಪೆಟ್ಟಿಗೆಯವು. ಮಕ್ಕಳನ್ನು ಪಾರುಮಾಡುವ ಅಧಿಕಾರಿಯೂ ಯುದ್ಧನೌಕೆಯಿಂದಲೇ ಇಳಿದು ಬಂದವನು. ಮನುಷ್ಯಬೇಟೆಯನ್ನು ನಿಲ್ಲಿಸಿ, ಅದಕ್ಕಿಂತ ದೊಡ್ಡ ಬೇಟೆಗೆ ವಾಪಸು ಹೋಗುವವನು.

ಇದೆಲ್ಲ ಮನುಷ್ಯಸ್ವಭಾವದ ಸಾಕ್ಷ್ಯವೇ? ಅಮೆರಿಕದ ಕವಿ ಕೆನೆತ್ ರೆಕ್ಸ್‌ರಾತ್ 1965ರಲ್ಲೇ ಸಿಡಿಮಿಡಿಗೊಂಡಿದ್ದರು: ತನ್ನ ವಾದಕ್ಕೆ ಬೇಕಾದಂತೆ ಎಲ್ಲವನ್ನೂ ಮೊದಲೇ ಜೋಡಿಸಿಟ್ಟ ಪುಸ್ತಕ, ಈ ಹುಡುಗರು ನಿಜವಾದ ಹುಡುಗರೇ ಅಲ್ಲ ಎಂದು. ಅವರ ದೂರಿನಲ್ಲಿ ಅರ್ಧ ನಿಜವಿದೆ. ಕಾದಂಬರಿಕಾರ ತಾನೇ ಕಟ್ಟಿದ ದ್ವೀಪದಿಂದ ಮನುಷ್ಯಕುಲದ ಬಗ್ಗೆ ಏನನ್ನೂ ಸಾಬೀತು ಮಾಡಲಾರ. ಆದರೆ ಮನುಷ್ಯ ಒಳಗೇ ಕೆಟ್ಟವನೆಂಬ ಗೋಲ್ಡಿಂಗ್‌ರ ಸಿದ್ಧಾಂತವನ್ನು ಪಕ್ಕಕ್ಕಿಟ್ಟರೂ, ಅಧಿಕಾರ ಹೇಗೆ ಕೈಬದಲಾಗುತ್ತದೆ ಎಂಬ ಅವರ ನಿರೀಕ್ಷಣೆ ಉಳಿಯುತ್ತದೆ. ಅದನ್ನು ಪರೀಕ್ಷಿಸಿದವರೂ ಇದ್ದಾರೆ.

ಮನೋವಿಜ್ಞಾನಿಗಳಾದ ಕುರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಅಮೆರಿಕದ ಅಯೊವಾದಲ್ಲಿ ಹತ್ತು ವರ್ಷದ ಹುಡುಗರ ಸಣ್ಣಸಣ್ಣ ಕ್ಲಬ್ಬುಗಳನ್ನು ಮಾಡಿ, ಬೇರೆ ಬೇರೆ ಬಗೆಯ ಮುಂದಾಳುಗಳನ್ನು ಕೊಟ್ಟು ನೋಡಿದರು. ಫಲಿತಾಂಶ 1939ರಲ್ಲಿ ಪ್ರಕಟವಾಯಿತು. ಮೊದಲ ಸುತ್ತಿನಲ್ಲಿ ಹುಡುಗರಿಗೆ ಕೊಟ್ಟ ಕೆಲಸ ನಾಟಕದ ಮುಖವಾಡ ಮಾಡುವುದು, ಗೋಲ್ಡಿಂಗ್ ಓದುಗರಿಗೆ ಸ್ವಾರಸ್ಯವೆನಿಸುವ ಕಾಕತಾಳೀಯ. ದಬ್ಬಾಳಿಕೆಯ ಗುಂಪಿನಲ್ಲಿ ಮುಂದಾಳು ಇದ್ದಾಗ ಕೆಲಸ, ಹೊರಹೋದ ತಕ್ಷಣ ಬಂದ್; ಸಿಟ್ಟು ಮುಂದಾಳಿನ ಮೇಲೆ ತಿರುಗದೆ ಗುಂಪಿನೊಳಗಿನ ಯಾರೋ ಒಬ್ಬ ಬಡಪಾಯಿಯ ಮೇಲೆ. ಇನ್ನೂ ಮುಖ್ಯವಾದದ್ದು ಯೋಜನೆಯಲ್ಲಿ ಇಲ್ಲದೆ ನಡೆಯಿತು. ಪ್ರಜಾಪ್ರಭುತ್ವ ಮಾದರಿಯ ಮುಂದಾಳಾಗಬೇಕಿದ್ದ ರಾಲ್ಫ್ ವೈಟ್ ಹುಡುಗರನ್ನು ಅವರ ಪಾಡಿಗೆ ಬಿಟ್ಟುಬಿಟ್ಟರು. ಅದು ಪ್ರಜಾಪ್ರಭುತ್ವವೇ ಅಲ್ಲ, ಬೇರೆಯದೇ ಬಗೆ ಎಂದು ಲೆವಿನ್ ಗುರುತಿಸಿ ಮೂರನೆಯ ವರ್ಗ ಮಾಡಿದರು. ಆ ಗುಂಪಿನಲ್ಲಿ ಗೊಂದಲವೇ ಹೆಚ್ಚಿತ್ತು. ಕಾದಂಬರಿಯ ರಾಲ್ಫ್ ನಿಲ್ಲುವುದು ಈ ಮೂರನೆಯ ಜಾಗದಲ್ಲಿ. ಅವನ ಸೋಲನ್ನು ಪ್ರಜಾಪ್ರಭುತ್ವದ ಸೋಲೆನ್ನುವವರು ಈ ವ್ಯತ್ಯಾಸ ಮರೆಯುತ್ತಾರೆ.

ಇನ್ನೊಂದು ಪ್ರಯೋಗ ಕಾದಂಬರಿ ಹೊರಬಂದ ವರ್ಷದ್ದೇ. 1954ರ ಬೇಸಿಗೆಯಲ್ಲಿ ಮನೋವಿಜ್ಞಾನಿ ಮುಜಫರ್ ಶೆರಿಫ್ ಒಕ್ಲಹೋಮಾದ ರಾಬರ್ಸ್ ಕೇವ್‌ನಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಪೈಪೋಟಿಗೆ ಬಿಟ್ಟರು. ಹುಡುಗರು ಬಾವುಟ ಸುಟ್ಟರು, ಕೋಣೆಗಳಿಗೆ ನುಗ್ಗಿದರು. ಆಮೇಲೆ ನೀರಿನ ಸರಬರಾಜು ಕೆಟ್ಟಿತೆಂದು ಎರಡೂ ಗುಂಪುಗಳಿಗೆ ಒಂದೇ ಕಷ್ಟ ಒಡ್ಡಿದಾಗ ಹತ್ತಿರವಾದರು. ಇದು ಪಠ್ಯಪುಸ್ತಕಗಳಲ್ಲಿರುವ ಭಾಗ. ಹಿಂದಿನ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಅದೇ ಶೆರಿಫ್ ನಡೆಸಿದ ಶಿಬಿರ ವಿಫಲವಾದದ್ದನ್ನು ಜೀನಾ ಪೆರ್ರಿ 2018ರ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಅಲ್ಲಿ ಹುಡುಗರು ಎಷ್ಟು ಕೆಣಕಿದರೂ ಜಗಳಕ್ಕೆ ಬೀಳಲಿಲ್ಲ. ಕಿತಾಪತಿಯೆಲ್ಲ ದೊಡ್ಡವರದೇ ಎಂದು ಶಂಕಿಸಿದರು. ಶಂಕೆ ಸರಿಯಾಗಿತ್ತು.

ನಿಜವಾಗಿಯೂ ದ್ವೀಪಕ್ಕೆ ಸಿಕ್ಕಿಬಿದ್ದ ಹುಡುಗರ ಕಥೆ ಟಾಂಗಾ ದೇಶದ್ದು. 1965ರಲ್ಲಿ ನುಕುಅಲೋಫಾದ ವಸತಿಶಾಲೆಯೊಂದರ ಆರು ಹುಡುಗರು ಬೇಸತ್ತು, ಮೀನುಗಾರನೊಬ್ಬನ ದೋಣಿ ಕದ್ದು ಹೊರಟರು. ಬಿರುಗಾಳಿಗೆ ಹಾಯಿ ಹರಿದು, ಎಂಟು ದಿನ ತೇಲಿ, ಅಟಾ ಎಂಬ ನಿರ್ಜನ ದ್ವೀಪಕ್ಕೆ ಬಡಿದರು. ಹದಿನೈದು ತಿಂಗಳ ಮೇಲೆ, 1966ರ ಸೆಪ್ಟೆಂಬರ್‌ನಲ್ಲಿ, ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಎಂಬವರ ಮೀನುಗಾರಿಕೆ ಹಡಗು ಅವರನ್ನು ಕಂಡಿತು. ಊರಲ್ಲಿ ಉತ್ತರಕ್ರಿಯೆ ಮುಗಿಸಿಬಿಟ್ಟಿದ್ದರು. ಹುಡುಗರು ಹಚ್ಚಿದ ಬೆಂಕಿ ಆರಿರಲಿಲ್ಲ. ತೋಟ, ಅಡುಗೆ, ಕಾವಲಿಗೆ ಇಬ್ಬಿಬ್ಬರಂತೆ ಸರದಿ. ಮರದ ಬೊಡ್ಡೆ ಕೊರೆದು ಮಳೆನೀರಿನ ಸಂಗ್ರಹ. ಜಗಳವಾದರೆ ಇಬ್ಬರೂ ದೂರ ಹೋಗಿ ತಣ್ಣಗಾಗಿ ಬರಬೇಕು. ಕಾಲು ಮುರಿದವನಿಗೆ ಕಡ್ಡಿ ಕಟ್ಟಿ ಆರೈಕೆ, ಅವನ ಪಾಲಿನ ಕೆಲಸ ಉಳಿದವರಿಗೆ.

ಡಚ್ ಲೇಖಕ ರುಟ್ಗರ್ ಬ್ರೆಗ್ಮನ್ 2020ರಲ್ಲಿ ಈ ಪ್ರಸಂಗವನ್ನು ಜಗತ್ತಿಗೆ ಮತ್ತೆ ನೆನಪಿಸಿ, ಗೋಲ್ಡಿಂಗ್‌ಗೆ ಇದೇ ಉತ್ತರವೆಂದರು. ಮನುಷ್ಯ ಸ್ವಭಾವತಃ ಒಳ್ಳೆಯವನು ಎಂಬುದು ಅವರ ಪಕ್ಷ. ನನಗೆ ಅದೂ ಅವಸರದ ತೀರ್ಮಾನವಾಗಿ ಕಾಣುತ್ತದೆ. ಆರೇ ಜನ, ಎಲ್ಲರೂ ಹದಿಹರೆಯದವರು, ಒಂದೇ ಶಾಲೆ, ಒಂದೇ ಭಾಷೆ, ಮೊದಲೇ ಗೆಳೆಯರು, ಕಡಲು ಮತ್ತು ಮಣ್ಣಿನ ಕೆಲಸ ಬಲ್ಲವರು; ನೋಡಿಕೊಳ್ಳಬೇಕಾದ ಆರು ವರ್ಷದ ಕೂಸುಗಳಿಲ್ಲ. ಬ್ರೆಗ್ಮನ್ ಕಥೆಯಲ್ಲಿ ಪಾರುಮಾಡಿದ ಬಿಳಿಯ ನಾವಿಕನೇ ನಡುವೆ ನಿಂತದ್ದನ್ನು ಆಕ್ಷೇಪಿಸಿದವರೂ ಇದ್ದಾರೆ.

ಅಟಾ ನಿರ್ಜನವಾದದ್ದು ಹೇಗೆಂಬುದನ್ನೂ ಹೇಳಬೇಕು. ಅಲ್ಲಿ ಮೊದಲು ಊರಿತ್ತು. 1863ರಲ್ಲಿ ಹಡಗೊಂದು ಬಂದು, ವ್ಯಾಪಾರದ ನೆಪದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಮೇಲೆ ಹತ್ತಿಸಿಕೊಂಡು, ಬಾಗಿಲು ಹಾಕಿ, ಪೆರುವಿನ ಗುಲಾಮ ವ್ಯಾಪಾರಕ್ಕೆ ಹೊತ್ತೊಯ್ದಿತು. ಉಳಿದವರನ್ನು ಟಾಂಗಾದ ದೊರೆ ಎವುವಾ ದ್ವೀಪಕ್ಕೆ ಸ್ಥಳಾಂತರಿಸಿದ. ನೂರು ವರ್ಷದ ಮೇಲೆ ಬಂದ ಆರು ಹುಡುಗರಿಗೆ ಬೆಟ್ಟದ ಮೇಲೆ ಸಿಕ್ಕ ಬಾಳೆ, ಕೆಸುವು, ಕಾಡುಬಿದ್ದ ಕೋಳಿಗಳು ಆ ಜನ ಬಿಟ್ಟುಹೋದವು. ಬ್ಯಾಲಂಟೈನ್ ಅದೇ ಸಾಗರದ ಜನರನ್ನು ಕಾಡುಮನುಷ್ಯರೆಂದು ಇಂಗ್ಲಿಷ್ ಮಕ್ಕಳಿಗೆ ಪರಿಚಯಿಸಿ ಆಗ ಆರು ವರ್ಷವಾಗಿತ್ತಷ್ಟೇ.

ಗೋಲ್ಡಿಂಗ್ ದ್ವೀಪದಲ್ಲಿ ಹುಡುಗಿಯರಿಲ್ಲ. ಮಾರಿಯಾನ್ ವಿಗಿನ್ಸ್ 1989ರ ‘ಜಾನ್ ಡಾಲರ್’ ಕಾದಂಬರಿಯಲ್ಲಿ ಬರ್ಮಾದ ಬ್ರಿಟಿಷ್ ವಸತಿಯ ಹುಡುಗಿಯರನ್ನು ಅಂಡಮಾನ್ ಕಡಲಿನ ದ್ವೀಪಕ್ಕೆ ಒಯ್ದು, ಕ್ರೌರ್ಯ ಗಂಡುಮಕ್ಕಳ ಸೊತ್ತೇನಲ್ಲವೆಂದು ತೋರಿಸಿದರು. ಚರ್ಚೆ ಅಲ್ಲಿಂದ ಮುಂದೆ ಅಷ್ಟಾಗಿ ಬೆಳೆದಿಲ್ಲ. ನನಗೆ ಓದಬೇಕೆನಿಸುವುದು ‘ಚಿಕ್ಕವರ’ ಕಡೆಯಿಂದ ಬರೆದ ವಿಮರ್ಶೆ. ಅವರೂ ಆ ದ್ವೀಪದ ಪ್ರಜೆಗಳು. ಅವರ ಮರಳಿನ ಮನೆಗಳನ್ನು ರಾಜರ್ ತುಳಿಯುತ್ತಾನೆ. ಕೈಗೆಟುಕದ ಹಣ್ಣನ್ನು ಸೈಮನ್ ಕಿತ್ತುಕೊಡುತ್ತಾನೆ. ರಾಲ್ಫ್‌ಗೆ ಅವರು ರಾತ್ರಿ ಅಳುವ ಒಂದು ತಾಪತ್ರಯ. ಹಂದಿ ಸಿಗದಿದ್ದರೆ ಒಬ್ಬ ಚಿಕ್ಕವನನ್ನೇ ಬಳಸಬಹುದೆಂದು ಜಾಕ್ ತಮಾಷೆ ಮಾಡಿದಾಗ ಎಲ್ಲರೂ ನಗುತ್ತಾರೆ. ಪರ್ಸಿವಲ್ ಎಂಬವನು ಅತ್ತಾಗಲೆಲ್ಲ ತನ್ನ ಪೂರ್ತಿ ಹೆಸರು, ಮನೆಯ ವಿಳಾಸ, ಫೋನ್ ನಂಬರು ಒಪ್ಪಿಸುತ್ತಾನೆ. ಅವನಿಗೆ ಮನೆಯಲ್ಲಿ ಕಲಿಸಿದ ರಕ್ಷಣೆ ಅದೊಂದೇ. ಅವನ ಕಷ್ಟವೇನೆಂದು ಸಭೆಯಲ್ಲಿ ಕೇಳಿದ್ದು ಒಂದೇ ಒಂದು ಸಲ, ಅದೂ ಮೃಗ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳುವುದಕ್ಕೆ.